ಕುದಿನೀರಿಗೆ ಹಾಕಿದ ಕೆಂಪು ಸೂಟು

ಗುರುವಾರ ಬೆಳಿಗ್ಗೆ ರೇಡಿಯೋದಲ್ಲಿ ಮೀನುಗಾರರ ಹವಾಮಾನ ವರದಿ ಬರುತ್ತಿದ್ದಾಗ ಡಲ್ಸಿ ರೈಡ್‌ಔಟ್ ತನ್ನ ಅಡುಗೆಮನೆಯಲ್ಲಿ ಬ್ರೆಡ್ಡಿನ ಹಿಟ್ಟು ನಾದುತ್ತ ನಾದುತ್ತಲೇ ಕುಸಿದು ಸತ್ತಳು. ಅದೇ ವರದಿಯನ್ನು ಕೇಳುತ್ತ, ನಾಲ್ಕು ಮನೆ ಆಚೆ, ಅವಳ ಗೆಳತಿ ಟ್ರೈಫೀನಾ ಸ್ನೂಕ್ ಕಿಟಕಿಯ ಬಳಿ ನೆಲಹಾಸಿನ ಚೌಕಟ್ಟಿನ ಮುಂದೆ ಕೂತು ತುಂಬ ಖುಷಿಯಲ್ಲಿದ್ದಳು. ಆಮೇಲೆ ಎಷ್ಟು ಸಲ ನೆನೆದುಕೊಂಡರೂ ಫೀನಾಗೆ ಈ ಎರಡನ್ನೂ ಒಂದೇ ಬೆಳಗಿನೊಳಗೆ ಇಟ್ಟು ನೋಡಲು ಆಗಲಿಲ್ಲ.

ಖುಷಿಗೆ ಕಾರಣ ಒಂದು ಕೆಂಪು. ಬಿಗಿದು ಕಟ್ಟಿದ ಗೋಣಿತಟ್ಟಿನ ನಡುವೆ ಅವಳು ಇದ್ದಿಲಿನಿಂದ ದೊಡ್ಡ ವಜ್ರದಾಕಾರವೊಂದನ್ನು ಬರೆದುಕೊಂಡಿದ್ದಳು. ಬುಧವಾರ ಸಂಜೆಯಿಂದ ಅದರೊಳಗೆ ಕೆಂಪು ತುಂಬುತ್ತಿತ್ತು. ಎಡಗೈ ಗೋಣಿಯ ಕೆಳಗೆ ಉಣ್ಣೆಯ ಪಟ್ಟಿ ಹಿಡಿದಿರುತ್ತದೆ. ಬಲಗೈಯ ಕೊಕ್ಕೆ ಮೇಲಿನಿಂದ ಇಳಿದು, ಪಟ್ಟಿಯನ್ನು ಕತ್ತಲಲ್ಲೇ ಹುಡುಕಿ ಕಚ್ಚಿಕೊಂಡು, ಒಂದು ಪುಟ್ಟ ಕುಣಿಕೆಯಾಗಿ ಬೆಳಕಿಗೆ ಎಳೆಯುತ್ತದೆ. ಎರಡು ಎಳೆ ಬಿಟ್ಟು ಇನ್ನೊಂದು. ಮತ್ತೆ ಎರಡು ಎಳೆ ಬಿಟ್ಟು ಇನ್ನೊಂದು. ಕಷ್ಟದ ಕೆಲಸವೇನಲ್ಲ, ಕೈಗೆ ಒಮ್ಮೆ ತಿಳಿದರೆ ತಲೆಯ ಹಂಗೇ ಬೇಡ. ಮಂಡಿನೋವು, ಸೀಮೆಎಣ್ಣೆ ಮುಗಿದದ್ದು, ತಂಗಿ ಬರೆಯದ ಕಾಗದ, ಎಲ್ಲ ಎಲ್ಲೋ ಹಿಂದೆ ಉಳಿದು, ಬೆರಳುಗಳಿಗೂ ಗೋಣಿಗೂ ಮಾತ್ರ ಮಾತುಕತೆ ನಡೆಯುತ್ತದೆ. ಆವತ್ತು ಅವಳಿಗೆ ಇನ್ನೊಂದು ಆಸೆಯೂ ಇತ್ತು. ಕೆಂಪು ಉಣ್ಣೆ ಡಲ್ಸಿಯ ಮನೆಯದು. ವಜ್ರ ಪೂರ್ತಿಯಾದ ಮೇಲೆ ಡಲ್ಸಿಯನ್ನು ಕರೆದು ತೋರಿಸಿ, ಅವಳು ಏನನ್ನುತ್ತಾಳೋ ನೋಡಬೇಕು ಎಂದುಕೊಂಡಿದ್ದಳು.

ಡಲ್ಸಿ ಈ ಊರಿನವಳಲ್ಲ. ನ್ಯೂಫೌಂಡ್‌ಲ್ಯಾಂಡಿನ ದಕ್ಷಿಣ ದಂಡೆಯಾಚೆ ಪಿಂಚರ್ ದ್ವೀಪ ಎಂಬ ಬಂಡೆಯ ಮೇಲೆ ಹುಟ್ಟಿದವಳು. ಸಾವಿರದ ಒಂಬೈನೂರ ಅರವತ್ತಾರರಲ್ಲಿ ಸರ್ಕಾರ ದ್ವೀಪದವರನ್ನೆಲ್ಲ ದೊಡ್ಡ ಊರುಗಳಿಗೆ ಎಬ್ಬಿಸಿದಾಗ, ಅವಳ ಗಂಡ ಆಂಬ್ರೋಸ್ ಮನೆಯ ಕೆಳಗೆ ಎಣ್ಣೆಯ ಪೀಪಾಯಿಗಳನ್ನು ಕಟ್ಟಿ, ಮೂರು ದೋಣಿಗಳಿಂದ ಎಳೆಸಿ, ಮನೆಯನ್ನೇ ಸಮುದ್ರದ ಮೇಲೆ ತೇಲಿಸಿಕೊಂಡು ಲಾಂಗರ್ಸ್ ಕೋವಿಗೆ ತಂದ. ಕಿಟಕಿಯ ಪರದೆಗಳನ್ನು ಬಿಚ್ಚಿಡು ಎಂದು ಎಲ್ಲರೂ ಹೇಳಿದರೂ ಡಲ್ಸಿ ಬಿಚ್ಚಿರಲಿಲ್ಲ. ಹೊಸ ಊರಿನವರು ಮೊದಲ ಸಲ ನೋಡುವಾಗ ಮನೆ ಬೋಳಾಗಿ ಕಾಣಬಾರದು ಎಂಬುದು ಅವಳ ವಾದ. ಅವಳು ಹಿಂದಿನ ದೋಣಿಯಲ್ಲಿ, ಚೌಕಟ್ಟಿನ ನಾಲ್ಕು ಕಟ್ಟಿಗೆಗಳನ್ನು ತೊಡೆಯ ಮೇಲಿಟ್ಟುಕೊಂಡು, ಉಣ್ಣೆಚಿಂದಿಯ ಮೂಟೆಯ ಮೇಲೆ ಕೂತು ಬಂದಳು.

ಆಗ ಫೀನಾ ಊರಿನ ಅಂಚೆ ಕಚೇರಿ ನೋಡಿಕೊಳ್ಳುತ್ತಿದ್ದಳು. ವಿಧವೆ, ಓದುವ ಹುಚ್ಚಿನವಳು, ಜನರಿಂದ ಒಂದು ಕೈ ದೂರ ಇರುವವಳು. ದಂಡೆಯ ಮೇಲೆ ಊರೆಲ್ಲ ನಿಂತು ಮನೆ ಬರುವುದನ್ನು ನೋಡುತ್ತಿದ್ದಾಗ ಅವಳೂ ನಿಂತಿದ್ದಳು. ದೋಣಿಯಿಂದ ಇಳಿದ ದಪ್ಪ ಹೆಂಗಸು ನೇರ ಅವಳ ಬಳಿ ಬಂದು, ಮುಖ ನೋಡದೆ, ಅವಳ ಬೂದು ಕೋಟಿನ ಅಂಚನ್ನು ಹೆಬ್ಬೆರಳಲ್ಲಿ ಉಜ್ಜಿ ನೋಡಿದಳು.

"ಶುದ್ಧ ಉಣ್ಣೆ ಕಣೇ ಇದು. ಬಿಸಾಡೋ ದಿನ ನಂಗೊಂದು ಮಾತು ಹೇಳು."

ಫೀನಾಗೆ ಸಿಟ್ಟು ಬರಬೇಕಿತ್ತು. ಬದಲಿಗೆ ಗಂಡ ಸತ್ತ ಮೇಲೆ ಮೊದಲ ಸಲ ಬೀದಿಯಲ್ಲಿ ನಿಂತು ನಕ್ಕಳು.

ಕೊಕ್ಕೆ ಹಿಡಿಯುವುದನ್ನು ಅವಳಿಗೆ ಕಲಿಸಿದವಳು ಡಲ್ಸಿ. ಸುಲಭವಾಗಿ ಕಲಿಸಲಿಲ್ಲ. ಫೀನಾಗೆ ನೆಲಹಾಸೆಂದರೆ ಆಗುತ್ತಿರಲಿಲ್ಲ. ಅವಳ ತಾಯಿ ಚಳಿಗಾಲವಿಡೀ, ಬೆರಳು ಸೀಳಿ ರಕ್ತ ಬಂದರೂ, ತಣ್ಣನೆಯ ನೆಲ ಮುಚ್ಚಲು ಬೇರೆ ಗತಿಯಿಲ್ಲದೆ ಎಳೆದದ್ದನ್ನು ಅವಳು ನೋಡಿದ್ದಳು. ಈಗ ಎಲ್ಲರ ಮನೆಗೂ ಅಂಗಡಿಯ ಲಿನೋಲಿಯಂ ಹಾಸು ಬಂದಿದೆ. ಹಳೆಯ ಹಾಸುಗಳನ್ನು ಜನ ನಾಯಿಗೆ ಹಾಕುತ್ತಿದ್ದಾರೆ. ಇದನ್ನೆಲ್ಲ ಅವಳು ವಿವರವಾಗಿ ಹೇಳಿದಾಗ ಡಲ್ಸಿ ಕೇಳಿಸಿಕೊಂಡು, ಬೇಕಾಗಿಲ್ಲದಾಗ ಮಾಡುವುದರಲ್ಲೇ ಮಜಾ ಇರುವುದು, ನಿನ್ನಮ್ಮನಿಗೆ ಆ ಮಜಾ ಸಿಗಲಿಲ್ಲ, ನೀನಾದರೂ ತಗೋ ಎಂದಳು.

ಆ ಮಜಾ ತೆಗೆದುಕೊಳ್ಳುವುದರಲ್ಲಿ ಡಲ್ಸಿಗೆ ಸರಿಸಮ ಯಾರೂ ಇರಲಿಲ್ಲ. ಹಗಲು ಮೀನಿನ ಕಾರ್ಖಾನೆಯಲ್ಲಿ ಎಂಟು ಗಂಟೆ ಚಾಕು ಹಿಡಿದು ಬಂದ ಕೈಗೆ ಕೊಕ್ಕೆ ಕೊಟ್ಟರೆ ಅದು ಆಯಾಸ ಮರೆಯುತ್ತಿತ್ತು. ಈರುಳ್ಳಿ ಸಿಪ್ಪೆ ಬೇಯಿಸಿ ಹಳದಿ ತೆಗೆಯುತ್ತಿದ್ದಳು, ಬಂಡೆಯ ಮೇಲಿನ ಪಾಚಿ ಕೆರೆದು ಕಂದು ತೆಗೆಯುತ್ತಿದ್ದಳು. ಇಗರ್ಜಿಯಲ್ಲಿ ಪಾದ್ರಿ ಪ್ರಸಂಗ ಮಾಡುವಾಗ ಅವಳ ಕಣ್ಣು ಮುಂದಿನ ಸಾಲಿನವರ ಬೆನ್ನಿನ ಮೇಲೆ ಇರುತ್ತಿತ್ತು. ಯಾರ ಕೋಟು ಇನ್ನೆಷ್ಟು ವರ್ಷ ಬಾಳುತ್ತದೆ ಎಂದು ಹೇಳಬಲ್ಲವಳಾಗಿದ್ದಳು. ಆಂಬ್ರೋಸ್, ಬೆಳಿಗ್ಗೆ ಎದ್ದರೆ ಪ್ಯಾಂಟು ಇದೆಯೋ ಕತ್ತರಿಗೆ ಹೋಯಿತೋ ಮೊದಲು ನೋಡಿಕೊಳ್ಳುತ್ತೇನೆ, ಆಮೇಲೆ ಹೆಂಡತಿಯನ್ನು ಕೂಗುತ್ತೇನೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ಎರಡು ವರ್ಷದೊಳಗೆ ಐದು ಹೆಂಗಸರು ಸೇರಿದರು. ಬುಧವಾರ ಮಧ್ಯಾಹ್ನ ಇಗರ್ಜಿಯ ಹಿಂದಿನ ಕೋಣೆಯಲ್ಲಿ ಕಾಕಂಬಿಯ ಬನ್ನು, ಡಬ್ಬಿ ಹಾಲಿನ ಚಹಾ, ಕೊಕ್ಕೆಯ ಸದ್ದು, ಊರಿನ ಸುದ್ದಿ. ಉಣ್ಣೆಗೊಂದು ಪದ್ಧತಿಯನ್ನೂ ಡಲ್ಸಿಯೇ ದ್ವೀಪದಿಂದ ತಂದಿದ್ದಳು. ಹಳೆ ಉಣ್ಣೆ ಇದ್ದವರು ಅದನ್ನು ಚೀಲಕ್ಕೆ ಹಾಕಿ, ಆ ತಿಂಗಳು ಕತ್ತರಿಸುವ ಸರದಿ ಯಾರದೋ ಅವರ ಮನೆಯ ಜಗಲಿಯಲ್ಲಿ ಇಟ್ಟು ಹೋಗಬೇಕು. ಹೆಸರು ಬರೆಯಬಾರದು, ಬಾಗಿಲು ತೆರೆದು ಕರೆಯಬಾರದು. ತೆಗೆದುಕೊಂಡವರು ಯಾರದೆಂದು ಕೇಳಬಾರದು. ಸತ್ತವರ ಬಟ್ಟೆಗಳೂ ಹೀಗೆಯೇ ಬರುತ್ತಿದ್ದವು. ಕೇಳಿದರೆ ಹೇಳಬೇಕಾಗುತ್ತದೆ, ಹೇಳಿದರೆ ಅಳಬೇಕಾಗುತ್ತದೆ. ಅದಕ್ಕೇ ಸುಮ್ಮನೆ ಇಟ್ಟು ಹೋಗುವುದು.

ಸಾವಿರದ ಒಂಬೈನೂರ ಎಪ್ಪತ್ತನಾಲ್ಕರ ಅಕ್ಟೋಬರ್ ತಿಂಗಳ ಸರದಿ ಫೀನಾಳದು. ಸೋಮವಾರ ಅಂಗಡಿಯಿಂದ ಬಂದಾಗ ಜಗಲಿಯಲ್ಲಿ ಚೀಲವಿತ್ತು. ತೆರೆದು ನೋಡಿದರೆ ಡಲ್ಸಿಯ ಕೆಂಪು ಸೂಟು: ಉದ್ದ ಕೋಟು, ಅದೇ ಬಟ್ಟೆಯ ಲಂಗ. ಗುಡ್ಡದ ಮೇಲೆ ಚಳಿ ಬಿದ್ದ ಮೇಲೆ ಹಣ್ಣಾಗುವ ಪಾರ್ಟ್ರಿಜ್ ಬೆರಿಯ ಕೆಂಪು. ಮೂರು ವರ್ಷದ ಹಿಂದೆ ಒಂದು ಮದುವೆಗೆಂದು ಕೊಂಡು, ಆಮೇಲೆ ಬಿಗಿಯಾಯಿತೆಂದು ಹೊರಗೆ ತೆಗೆಯದಿದ್ದ ಬಟ್ಟೆ. ಕೊನೆಗೂ ಆಸೆ ಬಿಟ್ಟಳಲ್ಲ ಎಂದು ಫೀನಾಗೆ ನಗು ಬಂತು. ಇಂಥ ಉಣ್ಣೆಯನ್ನು ತನ್ನ ಸರದಿಯಲ್ಲೇ ಕೊಟ್ಟಳಲ್ಲ ಎಂದು ಹೆಮ್ಮೆಯೂ ಆಯಿತು. ಒಂದೇ ಒಂದು ವಿಚಿತ್ರ ಕಂಡಿತು. ಬಟ್ಟೆ ಕೊಡುವ ಮುಂಚೆ ಡಲ್ಸಿ ಗುಂಡಿಗಳನ್ನು ಕತ್ತರಿಸಿಕೊಂಡು, ಜೇಬುಗಳನ್ನು ಹೊರಗೆ ಮಗುಚಿ ಕೊಡುವವಳು. ಈ ಕೋಟಿನಲ್ಲಿ ಆರೂ ಗುಂಡಿಗಳು ಹಾಗೆಯೇ ಇದ್ದವು. ಇವಳಿಗೂ ಸೋಮಾರಿತನ ಬಂತು ಎಂದುಕೊಂಡು ಫೀನಾ ತಾನೇ ಗುಂಡಿ ತೆಗೆದಳು. ಡಲ್ಸಿ ಕೊಟ್ಟ ಬಟ್ಟೆಯ ಜೇಬು ನೋಡುವ ಅಭ್ಯಾಸ ಎಂಟು ವರ್ಷದಲ್ಲಿ ಅವಳಿಗೆ ಬಂದೇ ಇರಲಿಲ್ಲ.

ಮಂಗಳವಾರ ಒಲೆಯ ಮೇಲೆ ಹಂಡೆಯಿಟ್ಟು ಸೂಟನ್ನು ಕುದಿನೀರಿಗೆ ಹಾಕಿದಳು. ಹಾಗೆ ಮಾಡದಿದ್ದರೆ ನೇಯ್ಗೆ ಸಡಿಲವಾಗಿಯೇ ಉಳಿದು, ಕತ್ತರಿಸಿದ ಅಂಚು ಎಳೆ ಬಿಡುತ್ತದೆ. ಕುದಿಸಿದರೆ ಬಟ್ಟೆ ಕುಗ್ಗಿ, ದಪ್ಪವಾಗಿ, ಬಣ್ಣ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ಒಣಗಿದ ಮೇಲೆ ನೋಡಿದರೆ ಅಸ್ತರಿಗೆಲ್ಲ ಬಿಳಿಯ ನಾರಿನಂಥದ್ದು ಅಂಟಿಕೊಂಡಿತ್ತು. ಅದನ್ನು ಬೆರಳಲ್ಲಿ ಕೆರೆದು ಕೆರೆದು ಒಲೆಗೆ ಹಾಕಿದಳು. ಬುಧವಾರ ಹೊಲಿಗೆ ಬಿಚ್ಚಿ, ಪಟ್ಟಿ ಮಾಡಿದಳು. ಆವತ್ತು ಮಧ್ಯಾಹ್ನ ಡಲ್ಸಿ ಇಗರ್ಜಿಯ ಕೋಣೆಗೆ ಬರಲಿಲ್ಲ. ಸುಸ್ತು, ಮುಂದಿನ ವಾರ ಬರುತ್ತೇನೆ ಎಂದು ಪಕ್ಕದ ಮನೆಯವಳ ಕೈಲಿ ಹೇಳಿಕಳಿಸಿದ್ದಳು.

ಗುರುವಾರ ಹನ್ನೊಂದಕ್ಕೆ ಯಾರೋ ಬಾಗಿಲು ತಟ್ಟಿದರು. ಲಾಂಗರ್ಸ್ ಕೋವಿನಲ್ಲಿ ಬಾಗಿಲು ತಟ್ಟುವವರಿಲ್ಲ. ನೇರ ಒಳಗೆ ಬಂದು ಬೆಂಚಿನ ಮೇಲೆ ಕೂರುತ್ತಾರೆ. ಫೀನಾ ಕೊಕ್ಕೆಯನ್ನು ಕೈಯಲ್ಲಿ ಹಿಡಿದೇ ಹೋಗಿ ತೆರೆದಳು. ಆಂಬ್ರೋಸ್ ನಿಂತಿದ್ದ. ಅವನ ಕಪ್ಪು ಸ್ವೆಟರಿನ ಎರಡೂ ತೋಳಿಗೆ ಮೈದಾಹಿಟ್ಟು ಮೆತ್ತಿತ್ತು. ಎದೆಯ ಮೇಲೆ ಬೆಳ್ಳಗೆ ಒಂದು ಅಂಗೈಯ ಅಚ್ಚು, ಐದೂ ಬೆರಳು.

"ಡಲ್ಸಿ ಹೋದ್ಲು," ಎಂದ.

"ಎಲ್ಲಿಗೆ?" ಎಂದಳು ಫೀನಾ.

ಅವನು ಬೆಂಚಿನ ಮೇಲೆ ಕೂತ. ಕೂತಲ್ಲಿಂದಲೇ, ನೆಲ ನೋಡುತ್ತ, ಒಂದೊಂದೇ ಹೇಳಿದ. ಆಗಸ್ಟಿನಲ್ಲಿ ಪಟ್ಟಣದ ಡಾಕ್ಟರು ಹೃದಯ ಹಾಳಾಗಿದೆ, ಯಾವತ್ತು ಬೇಕಾದರೂ ನಿಲ್ಲಬಹುದು ಎಂದಿದ್ದರಂತೆ. ಯಾರಿಗೂ ಹೇಳಕೂಡದು ಎಂದು ಅವಳು ಅವನಿಂದ ಆಣೆ ಮಾಡಿಸಿಕೊಂಡಿದ್ದಳಂತೆ. ಫೀನಾಗೂ ಹೇಳಬೇಡ, ಅವಳು ಪುಸ್ತಕ ತೆಗೆದು ಕಾಯಿಲೆ ಹುಡುಕುತ್ತಾಳೆ ಎಂದಿದ್ದಳಂತೆ. ಫೀನಾ ಕೇಳುತ್ತಲೇ ಇದ್ದಳು. ಮಾತುಗಳೆಲ್ಲ ಅರ್ಥವಾದವು. ಆದರೆ ಅವು ಬೇರೆ ಯಾರ ಬಗ್ಗೆಯೋ ಇದ್ದಂತಿತ್ತು; ಡಲ್ಸಿಗೆ ಈ ಸುದ್ದಿ ಹೇಳಬೇಕಲ್ಲ ಎಂದು ಒಂದು ಗಳಿಗೆ ಅವಳಿಗೆ ನಿಜವಾಗಿಯೂ ಅನ್ನಿಸಿತು.

"ಆ ಸೂಟು ಕೊಡು ಫೀನಾ," ಎಂದ ಆಂಬ್ರೋಸ್. "ನಮ್ಮಕ್ಕ ಬ್ಲಾಂಚ್ ಬರೋದ್ರೊಳಗೆ ಹಾಕ್ಬಿಡೋಣ."

"ಯಾವ ಸೂಟು?"

"ಕೆಂಪುದು. ಸೋಮವಾರ ನಿನ್ನ ಜಗಲೀಲಿ ಇಟ್ಟು ಬಂದ್ಲಲ್ಲ. ಮಣ್ಣಿಗೆ ಹೋಗೋವಾಗ ಅದೇ ಬೇಕಂತೆ. ಮನೇಲಿಟ್ರೆ ನಮ್ಮಕ್ಕ ಬಚ್ಚಿಟ್ಟು ಬೇರೆ ಏನಾದ್ರೂ ಹಾಕ್ತಾಳೆ ಅಂತ ನಿನ್ನ ಹತ್ರ ಇಟ್ಳು. ಮುಖ ನೋಡ್ಕೊಂಡು ಹೇಳೋಕಾಗಲ್ಲ, ಚೀಟಿ ಬರ್ದು ಜೇಬಲ್ಲಿ ಹಾಕಿದೀನಿ, ಓದ್ಕೋತಾಳೆ ಅಂದ್ಲು. ಓದಿದ್ಯಲ್ಲ?"

ಫೀನಾ ಕೈಯಲ್ಲಿದ್ದ ಕೊಕ್ಕೆಯನ್ನು ನೋಡಿದಳು. ಬಾಯಿ ತಾನಾಗಿ ಮಾತಾಡಿತು. ಇಸ್ತ್ರಿ ಮಾಡಿ ತರುತ್ತೇನೆ, ನೀನು ನಡೆ ಎಂದಿತು.

ಅವನು ಎದ್ದ. ಹೊರಡುವಾಗ ಕಿಟಕಿಯ ಬಳಿಯ ಚೌಕಟ್ಟಿನ ಮೇಲೆ ಕಣ್ಣು ಬಿತ್ತು. ಹೆಂಡತಿಯ ಚೌಕಟ್ಟಿನ ಮುಂದೆ ಹಾದುಹೋಗುವಾಗಲೆಲ್ಲ ಏನಾದರೂ ಒಂದು ಹೇಳಬೇಕೆಂದು ಕಲಿತಿದ್ದ ಗಂಡಸು. "ಚೆನ್ನಾಗ್ ಬರ್ತಿದೆ ಬಣ್ಣ," ಎಂದು ಹೇಳಿ ಹೋದ.

ಅವನ ಹೆಜ್ಜೆ ಸದ್ದು ನಿಂತ ಮೇಲೂ ಫೀನಾ ಬಾಗಿಲ ಬಳಿಯೇ ಇದ್ದಳು. ಬಿಳಿಯ ನಾರು ಏನೆಂದು ಈಗ ತಿಳಿಯಿತು. ಮೂವತ್ತೊಂದು ವರ್ಷ ಅಂಚೆ ಕಚೇರಿಯಲ್ಲಿ ಒಂದೇ ಒಂದು ಕಾಗದವನ್ನೂ ಕಳೆದವಳಲ್ಲ ಎಂಬುದು ಅವಳ ಬಾಳಿನ ಏಕೈಕ ಜಂಬ. ಯುದ್ಧದ ಕಾಲದಲ್ಲಿ ನೆನೆದು ಮುದ್ದೆಯಾಗಿ ಬಂದ ಲಕೋಟೆಗಳನ್ನು ಒಲೆಯ ಪಕ್ಕ ಒಣಗಿಸಿ, ವಿಳಾಸ ಬಿಡಿಸಿ, ಮನೆಗೆ ಮುಟ್ಟಿಸಿದವಳು. ತನ್ನ ಹೆಸರಿಗೆ ಬಂದ ಕೊನೆಯ ಕಾಗದವನ್ನು ತಾನೇ ಬೇಯಿಸಿ, ಉಗುರಿನಿಂದ ಕೆರೆದು, ಬೆಂಕಿಗೆ ಹಾಕಿದ್ದಳು. ಅದರಲ್ಲಿ ಏನಿತ್ತು? ಎರಡು ಸಾಲೋ, ಎರಡು ಹಾಳೆಯೋ? ಒಲೆಯ ಬಾಗಿಲು ತೆಗೆದು ನೋಡಿದಳು. ಬೂದಿಯನ್ನು ಬೆಳಿಗ್ಗೆಯೇ ತೋಟಕ್ಕೆ ಚೆಲ್ಲಿಯಾಗಿತ್ತು.

ಆಮೇಲೆ ಅವಳು ಮಾಡಿದ್ದು ಬುದ್ಧಿ ನೆಟ್ಟಗಿದ್ದವರು ಮಾಡುವುದಲ್ಲ. ಬುಟ್ಟಿಯಲ್ಲಿದ್ದ ಪಟ್ಟಿಗಳನ್ನೆಲ್ಲ ಊಟದ ಮೇಜಿನ ಮೇಲೆ ಸುರಿದು, ಒಂದರ ಪಕ್ಕ ಒಂದು ಒತ್ತಾಗಿ ಜೋಡಿಸತೊಡಗಿದಳು. ಮೊದಲು ತೋಳು. ಆಮೇಲೆ ಎದೆ ಎಂದುಕೊಂಡಳು. ನೂರಾರು ಸಣ್ಣ ಪಟ್ಟಿಗಳು. ಸೂಜಿ ಹಿಡಿದರೆ ಎಷ್ಟು ಹೊತ್ತು ಬೇಕಾದೀತೆಂದು ಎಣಿಸಿದಳು. ಒಂದು ತೋಳಿನಷ್ಟು ಜೋಡಿಸಿದ ಮೇಲೆ ಸ್ವಲ್ಪ ಹಿಂದೆ ಸರಿದು ನೋಡಿದಳು. ಅಷ್ಟು ಸಾಕಾಯಿತು. ತನ್ನ ಬೂದು ಕೋಟಿಗೆ ಕೈ ತೂರಿಸಿ, ಗುಂಡಿ ಹಾಕದೆ, ಡಲ್ಸಿಯ ಮನೆಗೆ ನಡೆದಳು.

ಮುಂದಿನ ಕೋಣೆಯಲ್ಲಿ ಎರಡು ಕುರ್ಚಿಗಳ ನಡುವೆ ಹಲಗೆ ಹಾಕಿ ಡಲ್ಸಿಯನ್ನು ಮಲಗಿಸಿದ್ದರು. ಮೈ ತೊಳೆದು ಬಿಳಿ ದುಪ್ಪಟಿ ಹೊದಿಸಿದ್ದರು. ಉಗುರಿನ ಸಂದಿಯಲ್ಲಿ ಹಿಟ್ಟು ಇನ್ನೂ ಇತ್ತು. ಆಂಬ್ರೋಸನ ಅಕ್ಕ ಬ್ಲಾಂಚ್ ಆಗಲೇ ಬಂದಾಗಿತ್ತು. ಎಪ್ಪತ್ತು ದಾಟಿದ, ಎಷ್ಟೋ ಹಿಂದೆಯೇ ಮದುವೆಯಾಗಿ ಇಲ್ಲಿಗೆ ಬಂದು, ಊರಿನ ಅರ್ಧ ಹೆಣಗಳಿಗೆ ಬಟ್ಟೆ ತೊಡಿಸಿದ್ದ ಹೆಂಗಸು. ಹೋದ ಕ್ರಿಸ್‌ಮಸ್ಸಿಗೆ ತಾನೇ ಕೊಟ್ಟ, ಡಲ್ಸಿ ಒಮ್ಮೆಯೂ ತೊಡದ ಕಂದು ಉಡುಪನ್ನು ತೋಳಿನ ಮೇಲೆ ಹಾಕಿಕೊಂಡು ನಿಂತಿದ್ದಳು. ಅವಳ ಎದುರಿಗೆ ಆಂಬ್ರೋಸ್, ಫೀನಾಳ ಬರಿಗೈಯನ್ನು ನೋಡುತ್ತ.

"ನಾನು ಅದನ್ನ ಕತ್ತರಿಸ್ಬಿಟ್ಟೆ," ಎಂದಳು ಫೀನಾ. "ಹಾಸಿನ ಉಣ್ಣೆ ಅಂದ್ಕೊಂಡೆ. ಕುದಿಸಿ, ಪಟ್ಟಿ ಮಾಡ್ಬಿಟ್ಟೆ. ಚೀಟೀನೂ ನೀರಲ್ಲೇ ಹೋಯ್ತು. ನಾನು ಓದ್ಲಿಲ್ಲ ಆಂಬ್ರೋಸ್."

ಒಲೆಯ ಮೇಲೆ ಕೆಟಲು ಗುನುಗುತ್ತಿತ್ತು. ಡಲ್ಸಿ ನಾದಿಟ್ಟ ಹಿಟ್ಟು ಬೋಗುಣಿಯ ಅಂಚು ಮೀರಿ ಉಬ್ಬಿ, ಮೇಜಿನ ಮೇಲೆ ಇಳಿಯುತ್ತಿತ್ತು. ಅದನ್ನು ಒತ್ತಿಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

"ಮೂವತ್ತೊಂದು ವರ್ಷ ಊರೋರ ಕಾಗ್ದ ಎಲ್ಲಾ ಓದಿದೋಳು," ಎಂದಳು ಬ್ಲಾಂಚ್, "ನಿನಗೇ ಬರೆದಿದ್ದೊಂದನ್ನ ಓದ್ಲಿಲ್ವಾ?"

ಫೀನಾ ಯಾರ ಕಾಗದವನ್ನೂ ತೆರೆದವಳಲ್ಲ. ಆದರೆ ಆವತ್ತು ಆ ಮಾತಿಗೆ ಎದುರಾಡುವ ಹಕ್ಕು ತನಗಿಲ್ಲ ಎನ್ನಿಸಿತು. ಬ್ಲಾಂಚ್ ಅಷ್ಟಕ್ಕೇ ನಿಲ್ಲಿಸಲಿಲ್ಲ. ಈ ಚಿಂದಿ ಹುಚ್ಚು ಒಂದು ದಿನ ಹೀಗೆ ಮಾಡುತ್ತದೆಂದು ತನಗೆ ಗೊತ್ತಿತ್ತು, ಕತ್ತರಿ ಹಿಡಿದವರಿಗೆ ಬದುಕಿದವರೂ ಒಂದೇ ಸತ್ತವರೂ ಒಂದೇ, ಈಗಲಾದರೂ ಮರ್ಯಾದೆಯಾಗಿ ಕಂದು ತೊಡಿಸೋಣ, ಸಂಜೆಗೆ ಜನ ಬರುತ್ತಾರೆ ಎಂದಳು.

"ಕಂದು ಬೇಡ," ಎಂದ ಆಂಬ್ರೋಸ್.

"ಮತ್ತೇನು ಹಾಕ್ತೀಯೋ? ಗೋಣೀನಾ?"

ಅವನು ಫೀನಾಳ ಕಡೆ ತಿರುಗಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ; ಇದ್ದಿದ್ದರೆ ಅವಳಿಗೆ ಅನುಕೂಲವಾಗುತ್ತಿತ್ತು. "ಅವ್ಳಿಗೆ ಆ ಸೂಟು ಅಷ್ಟೇನೂ ಇಷ್ಟ ಇರ್ಲಿಲ್ಲ. ಆವತ್ತು ಮದುವೇಲಿ ನೀನೇನೋ ಅಂದ್ಯಂತೆ. ಈ ಕೆಂಪಲ್ಲಿ ನೀನು ಯಾರಿಗೂ ಹೆದರದೋಳ ಥರ ಕಾಣ್ತೀಯ ಅಂತ. ಡಾಕ್ಟ್ರ ಹತ್ರ ಹೋಗಿ ಬಂದ ದಿನ ಅದನ್ನ ಹೇಳಿದ್ಲು. ಹೋಗೋವಾಗ ಅದೇ ಹಾಕ್ಕೋತೀನಿ ಅಂದ್ಲು."

ಮದುವೆ ಫೀನಾಗೆ ನೆನಪಿತ್ತು. ಬೇಯಿಸಿದ ಹಂದಿಮಾಂಸ, ಅಕಾರ್ಡಿಯನ್, ಬಾಗಿಲ ಬಳಿ ಕುಡಿದು ಬಿದ್ದ ಮದುಮಗನ ಚಿಕ್ಕಪ್ಪ, ಎಲ್ಲ ನೆನಪಿತ್ತು. ಆ ಮಾತು ನೆನಪಿರಲಿಲ್ಲ. ತಾನು ಯಾವಾಗ ಹೇಳಿದೆ, ನಿಜಕ್ಕೂ ಹೇಳಿದೆನೇ, ನಗಿಸಲು ಹೇಳಿದ್ದೋ, ಎಷ್ಟು ತಡಕಿದರೂ ಸಿಗಲಿಲ್ಲ. ತಾನು ಮರೆತೇಬಿಟ್ಟಿದ್ದ ಒಂದು ಮಾತನ್ನು ಡಲ್ಸಿ ಮೂರು ವರ್ಷ ಜತನ ಮಾಡಿ ಇಟ್ಟುಕೊಂಡಿದ್ದಳು. ಹಾಗೆ ಇಟ್ಟುಕೊಂಡದ್ದನ್ನು ಮತ್ತೆ ತನ್ನ ಜಗಲಿಗೇ ತಂದಿಟ್ಟಿದ್ದಳು.

ಫೀನಾ ಮನೆಗೆ ಹೋದಳು. ಅವಳ ಬಳಿ ಒಳ್ಳೆಯದೆನ್ನುವಂಥ ಉಡುಪು ಇದ್ದದ್ದು ಒಂದೇ: ಇಗರ್ಜಿಗೆ ತೊಡುತ್ತಿದ್ದ ಕಡುಹಸಿರು ಉಣ್ಣೆಯದು, ಬಿಳಿ ಕಾಲರಿನದು. ಅದನ್ನು ತಂದು ದುಪ್ಪಟಿಯ ಮೇಲೆ ಹರಡಿದಳು. ಡಲ್ಸಿಯ ಅರ್ಧ ಮೈಗೂ ಬರುವಂತಿರಲಿಲ್ಲ. ಫೀನಾ ಹೊಲಿಗೆ ಬಿಚ್ಚುವ ಸಣ್ಣ ಚಾಕುವನ್ನು ಜೇಬಿನಿಂದ ತೆಗೆದು, ಉಡುಪನ್ನು ಮಗುಚಿ, ಬೆನ್ನಿನ ಹೊಲಿಗೆಯನ್ನು ಕುತ್ತಿಗೆಯಿಂದ ಕೆಳಗಿನ ಅಂಚಿನವರೆಗೆ ಬಿಚ್ಚಿದಳು. ಒಂದೆಳೆಯೂ ಹರಿಯದೆ, ಒಂದು ಹೊಲಿಗೆ ಬಿಟ್ಟು ಒಂದನ್ನು ಕತ್ತರಿಸಿ ಎಳೆದಳು. ಡಲ್ಸಿ ಕಲಿಸಿದ ಹಾಗೆಯೇ.

ಬ್ಲಾಂಚ್ ಸ್ವಲ್ಪ ಹೊತ್ತು ನೋಡುತ್ತ ನಿಂತಳು. ಆಮೇಲೆ ಕಂದು ಉಡುಪನ್ನು ಕುರ್ಚಿಯ ಮೇಲೆ ಹಾಕಿ, ತೋಳು ಮಡಿಚಿ ಬಂದಳು.

"ಮೊದ್ಲು ತೋಳು ಹಾಕು. ಬಗ್ಗಿಸ್ಬೇಡ, ನಾನು ಎತ್ತಿ ಹಿಡೀತೀನಿ," ಎಂದಳು. "ಬೆನ್ನು ಯಾರೂ ನೋಡಲ್ಲ ಬಿಡು."

ಇಬ್ಬರೂ ಸೇರಿ ತೊಡಿಸಿದರು. ಬಿಚ್ಚಿದ ಅಂಚುಗಳನ್ನು ಎರಡೂ ಕಡೆಯಿಂದ ಮೈಯ ಕೆಳಗೆ ಮಡಚಿ ಸೇರಿಸಿದರು. ಡಲ್ಸಿಯ ತೋಳಿನ ಭಾರ ಫೀನಾಗೆ ಹೊಸದು. ಎಂಟು ವರ್ಷದಲ್ಲಿ ಆ ತೋಳು ತನ್ನ ಭಾರವನ್ನು ಯಾರ ಮೇಲೂ ಬಿಟ್ಟದ್ದನ್ನು ಅವಳು ಕಂಡಿರಲಿಲ್ಲ. ಬ್ಲಾಂಚ್ ಕಾಲರನ್ನು ನೇರ ಮಾಡಿ, ಉಗುರಿನ ಹಿಟ್ಟನ್ನು ತನ್ನ ಏಪ್ರನ್ನಿನ ತುದಿಯಿಂದ ತೆಗೆದಳು. ಮುಂದಿನಿಂದ ನೋಡಿದರೆ ಉಡುಪು ಅವಳಿಗೆಂದೇ ಹೊಲಿಸಿದಂತಿತ್ತು.

ತೊಡಿಸುವಾಗ ಹೊರಗೆ ಹೋಗಿದ್ದ ಆಂಬ್ರೋಸ್ ಬಾಗಿಲಿಗೆ ಬಂದವನು ಅಲ್ಲೇ ನಿಂತುಬಿಟ್ಟ. ಹಲಗೆಯ ಕಡೆ ನೋಡಿದ, ಫೀನಾಳ ಕಡೆ ನೋಡಿದ, ಮತ್ತೆ ಹಲಗೆಯ ಕಡೆ ನೋಡಿದ. ಎಂಟು ವರ್ಷದ ಭಾನುವಾರಗಳಲ್ಲಿ ಆ ಹಸಿರನ್ನು ಅವನು ಮುಂದಿನ ಸಾಲಿನಲ್ಲಿ ನೋಡಿದ್ದ.

"ಒಂದ್ ಗಳಿಗೆ ನೀನೇ ಅಂದ್ಕೊಂಡೆ," ಎಂದ.

ಫೀನಾ ತಿರುಗಿ ನೋಡಿದಳು. ಹೌದು, ತಾನೇ ಮಲಗಿದ್ದಂತಿತ್ತು. ತನ್ನ ಕಾಲರು, ಮೊಣಕೈ ಬಳಿ ತಾನೇ ಹಾಕಿದ ತೇಪೆ, ತನ್ನ ಭಾನುವಾರ. ಮುಖ ಮಾತ್ರ ಡಲ್ಸಿಯದು. ಆ ಮುಖದಲ್ಲಿ ಹೆದರಿಕೆ ಇದೆಯೇ ಎಂದು ಅವಳು ಬಹಳ ಹತ್ತಿರ ಬಾಗಿ ಹುಡುಕಿದಳು. ಹಸಿರಿನಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ.

"ಅಳೋದಿದ್ರೆ ಈಗ್ಲೇ ಅತ್ಬಿಡು," ಎಂದಳು ಬ್ಲಾಂಚ್, ಎಂದಿನ ಗಡಸು ದನಿಯಲ್ಲೇ. "ಜನ ಬರೋ ಹೊತ್ತಾಯ್ತು."

ಅಳು ಬರಲಿಲ್ಲ. ಫೀನಾ ಅಡುಗೆಮನೆಗೆ ಹೋಗಿ, ಮೇಜಿನ ಮೇಲೆ ಹರಿದಿದ್ದ ಹಿಟ್ಟನ್ನು ಎರಡೂ ಕೈಯಿಂದ ಬಾಚಿ ಬೋಗುಣಿಗೆ ತುಂಬಿದಳು. ಅದು ಇನ್ನೂ ಬೆಚ್ಚಗಿತ್ತು.